ಸಣ್ಣ ವಿಮಾನ, ಸಾಮಾನ್ಯರ ಆಸನ

ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರು. ನಡುವೆ ಘಟ್ಟ. ಮಳೆಗಾಲದಲ್ಲಿ ಗುಡ್ಡ ಜರಿದರೆ ಶಿರಾಡಿಯ ದಾರಿ ಕಟ್ಟುವುದನ್ನು ನೀವು ಬಲ್ಲಿರಿ. ಇಂಥ ಊರಿಗೆ ವಿಮಾನವೆಂಬುದು ಸಿರಿವಂತರ ವಾಹನವಾಗಿಯೇ ಉಳಿಯಬೇಕೆ? ಉಳಿಯಬೇಕಿಲ್ಲವೆಂದು ತೋರಿಸಹೊರಟದ್ದು ಏರ್ ಡೆಕ್ಕನ್ ಎಂಬ ಕನ್ನಡನಾಡಿನ ಕಂಪೆನಿ. ಅದರ ಏಳುಬೀಳುಗಳನ್ನು ಅರಿಯಬೇಕಾದರೆ ಮೊದಲು ಅದರ ವಿಮಾನಗಳನ್ನು ಅರಿಯಬೇಕು.

ಬಜ್ಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಇಲ್ಲಿಗೆ ಬಂದಿಳಿದರು. ಗುಡ್ಡದ ನೆತ್ತಿಯ ಮೇಲಿನ ಹಳೆಯ ರನ್‌ವೇಯ ಉದ್ದ ಸುಮಾರು 1,600 ಮೀಟರು, ಅಂಚಿನಾಚೆ ಇಳಿಜಾರು. 1981ರ ಆಗಸ್ಟ್ 19ರಂದು, ಮಳೆಯಲ್ಲಿ ಇಳಿದ ಆವ್ರೋ ವಿಮಾನವೊಂದು ರನ್‌ವೇಯ ಕೊನೆಯನ್ನು ದಾಟಿಹೋಯಿತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಎರವಾಗಲಿಲ್ಲ.

ನಮ್ಮ ಹಳೇ ಬಂದರಿನ ಅಳಿವೆಯೊಳಗೆ ಮಂಜಿ ನುಗ್ಗಬಲ್ಲುದು, ದೊಡ್ಡ ಹಡಗು ಹೊರಗೆ ಕಡಲಿನಲ್ಲೇ ನಿಲ್ಲಬೇಕು. ಇಲ್ಲಿಯೂ ಹಾಗೆಯೇ. 2003ರ ಆಗಸ್ಟಿನಲ್ಲಿ ಹಾರಾಟ ತೊಡಗಿದ ಏರ್ ಡೆಕ್ಕನ್ ಮೊದಲು ಆರಿಸಿಕೊಂಡದ್ದು ಎ.ಟಿ.ಆರ್. 42 ಎಂಬ, 48 ಆಸನಗಳ ವಿಮಾನವನ್ನು. ಇದರ ಎಂಜಿನಿನೊಳಗೆ ಜೆಟ್ಟಿನಲ್ಲಿರುವಂತೆಯೇ ಟರ್ಬೈನ್ ಇದೆ. ಆದರೆ ಅದು ತನ್ನ ಬಲದ ಬಹುಪಾಲನ್ನು ಪ್ರೊಪೆಲ್ಲರನ್ನು ತಿರುಗಿಸಲು ಕೊಡುತ್ತದೆ. ವೇಗ ಜೆಟ್ಟಿಗಿಂತ ಕಡಿಮೆ, ನಿಜ. ಆದರೆ ಒಂದು ಗಂಟೆಯ ಹಾರಾಟದಲ್ಲಿ ಆ ವ್ಯತ್ಯಾಸ ಕೆಲವೇ ನಿಮಿಷ; ಇಂಧನದ ಉಳಿತಾಯವೋ ದೊಡ್ಡದು. ತುಂಬಿದಾಗ ಅದರ ತೂಕ ಸುಮಾರು 18 ಟನ್. 180 ಆಸನಗಳ ಏರ್‌ಬಸ್ 320 ವಿಮಾನದ್ದು 70 ಟನ್ನಿಗೂ ಮಿಕ್ಕಬಹುದು. ಹಗುರವಾದುದಕ್ಕೆ ಗಿಡ್ಡ ರನ್‌ವೇ ಸಾಕು.

ಕಂಪೆನಿಯನ್ನು ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯದಲ್ಲಿದ್ದು, ಬಳಿಕ ರೇಷ್ಮೆ ಕೃಷಿ ಮಾಡಿದವರು. ಅವರ ಲೆಕ್ಕ ಸರಳ: ಒಂದೇ ದರ್ಜೆ, ಪುಕ್ಕಟೆ ಊಟವಿಲ್ಲ, ನೆಲದ ಮೇಲೆ ವಿಮಾನ ಹೆಚ್ಚು ಹೊತ್ತು ನಿಲ್ಲಬಾರದು, ಮುಂಚೆ ಕಾದಿರಿಸಿದವರಿಗೆ ಅಗ್ಗದ ದರ. ಕೆಲವು ಆಸನಗಳನ್ನು ಒಂದು ರೂಪಾಯಿಗೂ ಮಾರಿದರು. ಮಂಗಳೂರು, ಹುಬ್ಬಳ್ಳಿಯಂಥ ಊರುಗಳ ಎಷ್ಟೋ ಮಂದಿ ಮೊದಲ ಬಾರಿಗೆ ವಿಮಾನದ ಮೆಟ್ಟಿಲು ಹತ್ತಿದರು.

ಕೆಲವೇ ವರ್ಷಗಳಲ್ಲಿ ಕಂಪೆನಿಯ ವಿಮಾನಗಳು 40 ದಾಟಿದವು, ಏರ್‌ಬಸ್ಸುಗಳೂ ಸೇರಿದವು. ಬಜ್ಪೆಯಲ್ಲಿಯೂ 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ತೆರೆಯಿತು. ಆದರೆ ಅಗ್ಗದ ದರದಿಂದ ಬಂದ ಹಣ ವೆಚ್ಚಕ್ಕೆ ಸಾಲದೆ ನಷ್ಟ ಬೆಳೆಯಿತು. 2007ರಲ್ಲಿ ಯು.ಬಿ. ಸಂಸ್ಥೆ ಪಾಲು ಕೊಂಡಿತು. 2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಶರಿನೊಳಗೆ ಕರಗಿತು. 2012ರಲ್ಲಿ ಕಿಂಗ್‌ಫಿಶರೂ ನೆಲ ಹಿಡಿಯಿತು. ಹಳೆಯ ಹೆಸರಿಗೆ 2017ರಲ್ಲಿ ಮರಳಿ ಜೀವ ಬಂದರೂ 2020ಕ್ಕೆ ಅದೂ ನಿಂತಿತು.

ಊರಿಗೆ ತಕ್ಕ ವಿಮಾನ ಬೇಕು. ಅದನ್ನು ನಡೆಸುವಷ್ಟು ಹಣವೂ ಹುಟ್ಟಬೇಕು. ಎರಡನೆಯದನ್ನು ಟಿಕೇಟಿನ ಬೆಲೆಯೊಂದೇ ತುಂಬಲಾರದೆಂದು ಬಗೆದೇ ಸರಕಾರವು 2016ರಲ್ಲಿ ಉಡಾನ್ ಯೋಜನೆಯನ್ನು ಸಾರಿ, ಸಣ್ಣ ಊರುಗಳ ಹಾರಾಟದ ಕೊರತೆಯಲ್ಲಿ ಪಾಲು ಹೊರಲು ಒಪ್ಪಿತು. ಅಗ್ಗದ ಟಿಕೇಟು ನಿಮ್ಮ ಕೈಗೆ ಬಂದಾಗ ಉಳಿದ ಹಣವನ್ನು ಯಾರು ತೆರುತ್ತಿದ್ದಾರೆಂದು ಕೇಳಿಕೊಳ್ಳಿರಿ. ಆ ವಿಮಾನ ಮುಂದಿನ ವರ್ಷವೂ ನಿಮ್ಮೂರಿಗೆ ಬರುವುದೇ ಎಂಬುದು ಆ ಉತ್ತರದಲ್ಲಿದೆ.