ಪ್ರಯೋಗಾಲಯದ ಸಂಶೋಧನೆ ಮತ್ತು ಉದ್ಯಮಿಯ ಹಣ

ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರಗಳಲ್ಲಿ ಲೆಕ್ಕ ಪರಿಶೋಧಕರ ಕಛೇರಿಗೆ ಬರುವ ಉದ್ಯಮಿಗಳ ಪ್ರಶ್ನೆಗಳ ಪೈಕಿ ಒಂದು ಬಹುಕಾಲ ಬದಲಾಗದೆ ಉಳಿದಿತ್ತು. "ಸಾರ್, ಯಾವುದಾದರೂ ಸಂಶೋಧನಾ ಸಂಸ್ಥೆಗೆ ದೇಣಿಗೆ ಕೊಟ್ಟರೆ ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆ?" ಆ ಸಂಸ್ಥೆಯಲ್ಲಿ ಯಾವ ಸಂಶೋಧನೆ ನಡೆಯುತ್ತಿದೆ ಎಂದು ಕೇಳಿದವರು ನನ್ನ ಸುಮಾರು ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟು ಮಂದಿ.

ಪ್ರಶ್ನೆಗೆ ಕಾರಣವಿತ್ತು. 1961ರ ಆದಾಯ ತೆರಿಗೆ ಕಾಯಿದೆಯ ಕಲಂ 35(1)(ii)ರ ಮೇರೆಗೆ, ಅನುಮೋದಿತ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯ ಅಥವಾ ಕಾಲೇಜಿಗೆ ವೈಜ್ಞಾನಿಕ ಸಂಶೋಧನೆಗಾಗಿ ಕೊಟ್ಟ 100 ರೂಪಾಯಿಗೆ 2010ರ ಹಣಕಾಸು ಕಾಯಿದೆಯ ನಂತರ 175 ರೂಪಾಯಿಗಳ ಕಡಿತ ದೊರೆಯುತ್ತಿತ್ತು. ಈ ಉದಾರತೆಯ ದುರುಪಯೋಗವೂ ನಡೆಯಿತು. ಕೊಟ್ಟ ಹಣದ ಬಹುಪಾಲನ್ನು ಹಿಂಬಾಗಿಲಿನಿಂದ ಮರಳಿಸಿ ರಸೀದಿಯನ್ನು ಮಾತ್ರ ಉಳಿಸಿಕೊಡುತ್ತಿದ್ದ ಸಂಸ್ಥೆಗಳ ಅನುಮೋದನೆಯನ್ನು ಇಲಾಖೆಯು ರದ್ದುಪಡಿಸಿದ್ದೂ, ದಾನಿಗಳು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದೂ ನಮ್ಮ ವೃತ್ತಿಬಾಂಧವರಿಗೆ ತಿಳಿದ ಸಂಗತಿ. 2017ರ ಏಪ್ರಿಲ್‌ನಿಂದ ಕಡಿತವು 150ಕ್ಕೂ, 2020ರ ಏಪ್ರಿಲ್‌ನಿಂದ 100ಕ್ಕೂ ಇಳಿಯಿತು. 2019ರಲ್ಲಿ ಬಂದ ಕಲಂ 115ಬಿಎಎ ಅನ್ವಯ ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗೆ ಈ ದೇಣಿಗೆಯ ಕಡಿತ ಇಲ್ಲವೇ ಇಲ್ಲ. (2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆ ಬೇರೆ, ಇಲ್ಲಿ ಕೊಟ್ಟಿರುವುದು ಹಳೆಯ ಸಂಖ್ಯೆಗಳು.)

ರಿಯಾಯಿತಿ ಹೋದ ಮೇಲೆ ಉದ್ಯಮಿಗೂ ಸಂಶೋಧನೆಗೂ ಸಂಬಂಧವೇನು ಉಳಿಯಿತು? ನಿಜವಾದ ಸಂಬಂಧವು ಈಗಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡೋಣ.

ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಮರವನ್ನು ಇಲ್ಲಿಯೇ ಭಟ್ಟಿ ಇಳಿಸಿ ಎಣ್ಣೆ ತೆಗೆಯಲಾದೀತೇ ಎಂಬುದು ಸರ್ಕಾರದ ಮುಂದಿದ್ದ ಪ್ರಶ್ನೆ. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಮುತುವರ್ಜಿಯಿಂದ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಎಣ್ಣೆಯ ತಯಾರಿಕೆ, 1918ರಲ್ಲಿ ಸಾಬೂನು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ, ಅಂದರೆ ಇಂದಿನ ಎಫ್‌ಕೆಸಿಸಿಐ, ಹುಟ್ಟಿದ್ದೂ ಅದೇ 1916ರಲ್ಲಿ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಸರ್ಕಾರವು ಪ್ರಯೋಗಾಲಯಕ್ಕೆ ದೇಣಿಗೆಯನ್ನಲ್ಲ, ಒಂದು ಸಮಸ್ಯೆಯನ್ನು ಒಯ್ದಿತ್ತು. ಫಲಿತಾಂಶವನ್ನು ಬಳಸುವವರು ಮೊದಲೇ ಸಿದ್ಧರಾಗಿದ್ದರು.

ನಮ್ಮ ಕಾಲಕ್ಕೆ ಬರೋಣ. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ಕೆಲಸಗಳಿಗೆ ಕೈಹಾಕಿದರು. ಒಂದು, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಅಂಗೈ ಗಣಕ ಸಿಂಪ್ಯೂಟರ್. ಬಿ.ಇ.ಎಲ್. ಕಾರ್ಖಾನೆಯಲ್ಲಿ ತಯಾರಾದ ಇದರ 'ಅಮಿಡಾ' ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಕೈಯಲ್ಲಿ ಹಿಡಿದು ಓಲಿಸಿದರೆ ಪುಟ ಮಗುಚುವ ಸೌಕರ್ಯ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ. ಆದರೆ ದೊಡ್ಡ ಪ್ರಮಾಣದ ಖರೀದಿದಾರ ಬರಲೇ ಇಲ್ಲ, ನಿರೀಕ್ಷಿಸಿದ ಮಾರಾಟವೂ ಆಗಲಿಲ್ಲ.

ಎರಡನೆಯದು, 2000ದಲ್ಲಿ ಆರಂಭವಾದ ಸ್ಟ್ರ್ಯಾಂಡ್ ಜೀನೋಮಿಕ್ಸ್. ಜೀವಕೋಶಗಳ ಮಾಹಿತಿಯನ್ನು ಗಣಕದಲ್ಲಿ ವಿಶ್ಲೇಷಿಸುವ ತಂತ್ರಾಂಶ ಅದರ ಸರಕು. ಹೊರದೇಶಗಳ ಔಷಧ ಹಾಗೂ ಉಪಕರಣ ಕಂಪನಿಗಳು ಅದರ ಗಿರಾಕಿಗಳಾದವು. ಮುಂದೆ ಕ್ಯಾನ್ಸರ್ ಪತ್ತೆಯ ಪರೀಕ್ಷೆಗಳತ್ತ ಹೊರಳಿದ ಆ ಕಂಪನಿಯ ಷೇರುಗಳನ್ನು 2021ರಲ್ಲಿ ರಿಲಯನ್ಸ್ ಸಮೂಹವು 393 ಕೋಟಿ ರೂಪಾಯಿಗಳಿಗೆ ಕೊಂಡಿತು. ಮಿದುಳುಗಳು ಅವೇ, ಊರೂ ಅದೇ. ಒಂದಕ್ಕೆ ಗಿರಾಕಿ ಸಿಕ್ಕಿದ, ಇನ್ನೊಂದಕ್ಕೆ ಸಿಗಲಿಲ್ಲ. ಸಿಕ್ಕಿದ ಗಿರಾಕಿಯೂ ನಮ್ಮವನಲ್ಲ ಎಂಬುದು ನನಗೆ ಇಂದಿಗೂ ಕಸಿವಿಸಿಯ ಸಂಗತಿ.

ಇತ್ತೀಚಿನ ಸಂಶೋಧನೆಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಪ್ರಾಧ್ಯಾಪಕ ನವಕಾಂತ ಭಟ್ಟರ ತಂಡದ ಸಂವೇದಕ ಸಂಶೋಧನೆಯಿಂದ 2015ರಲ್ಲಿ ಪಾಥ್‌ಶೋಧ್ ಹೆಲ್ತ್‌ಕೇರ್ ಎಂಬ ಕಂಪನಿ ಹುಟ್ಟಿತು. ಒಂದು ಹನಿ ರಕ್ತ ಅಥವಾ ಮೂತ್ರದಿಂದ ಮಧುಮೇಹವನ್ನಷ್ಟೇ ಅಲ್ಲದೆ ರಕ್ತಹೀನತೆ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಯ ಸೂಚಕಗಳನ್ನೂ ಅಳೆಯುವ ಕೈಯಳತೆಯ ಉಪಕರಣ ಅದರದು. ಪ್ರಾಧ್ಯಾಪಕ ರಾಘವನ್ ವರದರಾಜನ್ ಅವರ ಪ್ರಯೋಗಾಲಯ ಹಾಗೂ ಅವರ ಮೈನ್‌ವ್ಯಾಕ್ಸ್ ಕಂಪನಿ ರೂಪಿಸಿದ ಕೋವಿಡ್ ಲಸಿಕೆಯ ಮಾದರಿಗಳು 37 ಡಿಗ್ರಿ ಉಷ್ಣತೆಯಲ್ಲಿ ನಾಲ್ಕು ವಾರ, 100 ಡಿಗ್ರಿಯಲ್ಲಿ 90 ನಿಮಿಷಗಳವರೆಗೆ ಕೆಡದೆ ಉಳಿದವೆಂದು 2021ರ ಜುಲೈನಲ್ಲಿ ಪ್ರಕಟವಾಯಿತು. ಶೀತಲ ಪೆಟ್ಟಿಗೆಗಳ ಸರಪಳಿಯಿಲ್ಲದ ಹಳ್ಳಿಗೆ ಇದರ ಅರ್ಥವೇನೆಂದು ಔಷಧ ವಿತರಕರಿಗೆ ವಿವರಿಸಬೇಕಾಗಿಲ್ಲ. ಆದರೆ 2 ರಿಂದ 8 ಡಿಗ್ರಿಯಲ್ಲಿಡಬೇಕಾದ ಲಸಿಕೆಗಳ ಅಭಿಯಾನವು ಆ ವರ್ಷದ ಜನವರಿಯಲ್ಲಿಯೇ ಆರಂಭವಾಗಿತ್ತು. ಪ್ರಾಣಿಗಳ ಮೇಲಿನ ಪ್ರಯೋಗದಿಂದ ಮನುಷ್ಯರ ಮೇಲಿನ ಪರೀಕ್ಷೆಗೆ, ಅಲ್ಲಿಂದ ಪರವಾನಗಿಗೆ ಹೋಗುವ ದಾರಿ ದೀರ್ಘ ಮತ್ತು ದುಬಾರಿ.

ಈ ನಡುದಾರಿಯೇ ನಮ್ಮ ವಿಷಯ. ಲೆಕ್ಕಪತ್ರ ಮಾನದಂಡ 26 ಇದನ್ನು ಬಹಳ ಚೆನ್ನಾಗಿ ಗುರುತಿಸಿದೆ. ಸಂಶೋಧನೆಯ ಹಂತದ ವೆಚ್ಚವೆಲ್ಲ ಆಯಾ ವರ್ಷದ ಲಾಭ-ನಷ್ಟ ಪತ್ರಿಕೆಗೆ ಖರ್ಚು. ಅಭಿವೃದ್ಧಿಯ ಹಂತದ ವೆಚ್ಚವನ್ನು ಮಾತ್ರ, ಅದೂ ತಾಂತ್ರಿಕ ಸಾಧ್ಯತೆ, ಮಾರುಕಟ್ಟೆ, ಹಣದ ಲಭ್ಯತೆ ಮೊದಲಾದ ಷರತ್ತುಗಳು ಪೂರೈಸಿದರೆ, ಅಮೂರ್ತ ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಬಹುದು. ಪ್ರಯೋಗಾಲಯವು ಸರ್ಕಾರದ ಅನುದಾನದಿಂದ ಮೊದಲ ಹಂತವನ್ನು ಮುಗಿಸುತ್ತದೆ. ಬ್ಯಾಂಕು ಎರಡನೆಯ ಹಂತ ಪೂರ್ಣಗೊಂಡ ಮೇಲೆ, ಅಡಮಾನವಿದ್ದರೆ, ಬರುತ್ತದೆ. ಎರಡರ ನಡುವಿನ ವರ್ಷಗಳಲ್ಲಿ ಸಂಶೋಧಕ ಒಂಟಿ.

ಸರ್ಕಾರದ ಅಂಕಿ-ಅಂಶಗಳಂತೆ 2020-21ರಲ್ಲಿ ದೇಶದ ಸಂಶೋಧನಾ ವೆಚ್ಚವು ಒಟ್ಟು ಆಂತರಿಕ ಉತ್ಪನ್ನದ ಶೇ. 0.64 ಮಾತ್ರ, ಅದರಲ್ಲಿ ಖಾಸಗಿ ಉದ್ಯಮದ ಪಾಲು ಶೇ. 36.4. 2025ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು 1 ಲಕ್ಷ ಕೋಟಿ ರೂಪಾಯಿಗಳ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಗೆ ಒಪ್ಪಿಗೆ ನೀಡಿದ್ದು, ಈ ನಡುದಾರಿಗಾಗಿಯೇ. ಸ್ವಾಗತಾರ್ಹ. ಆದರೆ ಸಾಲದಿಂದ ಗಿರಾಕಿ ಹುಟ್ಟುವುದಿಲ್ಲ.

ಗಿರಾಕಿಯಾಗಲು ನಮಗೆ ಕಾನೂನಿನ ಅಡ್ಡಿಯೂ ಇಲ್ಲ. ತನ್ನ ವ್ಯವಹಾರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಗೆ ಮಾಡಿದ ವೆಚ್ಚಕ್ಕೆ ಕಲಂ 35(1)(i)ರ ಪೂರ್ಣ ಕಡಿತವನ್ನು ಶೇ. 22ರ ದರದ ಕಂಪನಿಗೂ ನಿರಾಕರಿಸಿಲ್ಲ. ಅಂದರೆ ದೇಣಿಗೆಗೆ ಸಿಗದ ಕಡಿತ, ಒಪ್ಪಂದ ಮಾಡಿಕೊಂಡು ತನ್ನ ಸಮಸ್ಯೆಗೆ ಉತ್ತರ ಕೊಂಡರೆ ಸಿಗುತ್ತದೆ. ಒಪ್ಪಂದದಲ್ಲಿ ಪೇಟೆಂಟ್ ಯಾರ ಹೆಸರಿನಲ್ಲಿ, ಫಲಿತಾಂಶವನ್ನು ಪ್ರಕಟಿಸುವ ಹಕ್ಕು ಯಾವಾಗ ಎಂಬ ಎರಡು ವಿಷಯಗಳು ಸ್ಪಷ್ಟವಾಗಿರಲಿ. ಪ್ರಾಧ್ಯಾಪಕನಿಗೆ ಪ್ರಬಂಧ ಮುಖ್ಯ, ಕಾರ್ಖಾನೆಯವನಿಗೆ ಗೋಪ್ಯತೆ ಮುಖ್ಯ. ನಾನು ಕಂಡ ಜಗಳಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಪೀಣ್ಯದಲ್ಲಿ ಲೋಹದ ಪೆಟ್ಟಿಗೆಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ಒಂದು ಮಾರ್ಚ್‌ನಲ್ಲಿ ದೇಣಿಗೆಯ ಪ್ರಶ್ನೆ ಹೊತ್ತು ಬಂದರು. "ಅದಿರಲಿ, ನಿಮ್ಮ ಮಾಲು ವಾಪಸ್ಸು ಬರುವುದು ಏಕೆ?" ಎಂದು ಕೇಳಿದೆ. ಪೌಡರ್ ಕೋಟಿಂಗ್ ಉಬ್ಬಿ ಸುಲಿಯುತ್ತಿತ್ತಂತೆ; ಪೌಡರನ್ನು ಎರಡು ಸಲ ಬದಲಿಸಿದ್ದಾಯಿತು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಶುಲ್ಕ ಕಟ್ಟಿ ಸಮಸ್ಯೆಯನ್ನು ಒಪ್ಪಿಸಿದರು. ಎಂಟು ತಿಂಗಳ ಬಳಿಕ ಬಂದ ವರದಿಯಂತೆ ದೋಷ ಪೌಡರಿನದಲ್ಲ, ಕೋಟಿಂಗಿಗೆ ಮೊದಲು ತೊಳೆಯಲು ಬಳಸುತ್ತಿದ್ದ ಕೊಳವೆ ಬಾವಿಯ ಗಡಸು ನೀರಿನದು. ನೀರು ಶುದ್ಧೀಕರಣದ ಘಟಕ ಹಾಕಿಸಿದ ಮೇಲೆ ದೂರು ಪೂರ್ತಿ ನಿಂತಿಲ್ಲ, ಬಹಳಷ್ಟು ಕಡಿಮೆಯಾಗಿದೆ. ಈ ವರ್ಷ ಮಾರ್ಚ್‌ನಲ್ಲಿ ಬಂದಾಗ ಅವರು ದೇಣಿಗೆಯ ಮಾತೆತ್ತಲಿಲ್ಲ. ಅದೇ ವಿಭಾಗಕ್ಕೆ ಒಯ್ಯಲು ಇನ್ನೊಂದು ತೊಂದರೆಯಿದೆ, ಒಪ್ಪಂದದ ಕರಡು ನೋಡಿಕೊಡಿ ಎಂದರು.