ಕೂಸು ಬಡವಾಗುವ ಮುನ್ನ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಗಂಡ ಅಮೆರಿಕದಲ್ಲಿ, ಹೆಂಡತಿ ಬೆಂಗಳೂರಿನಲ್ಲಿ ಇದ್ದು, ನಡುವೆ ಸಮುದ್ರಗಳೇ ಇದ್ದರೆ ಕೂಸಿನ ಗತಿ ಏನು?

ನಾನು ಬಿ.ಇ. ವಿದ್ಯಾರ್ಥಿ. ನಮ್ಮ ಕುಳಗೇರಿ ಕ್ರಾಸ್‌ನಲ್ಲಿ ನಿಂತರೆ ಹುಬ್ಬಳ್ಳಿ, ವಿಜಯಪುರ, ಬಾದಾಮಿ ಕಡೆಗೆ ಬಸ್ಸು ಸಿಗುತ್ತವೆ. ನನ್ನ ಓರಗೆಯವರ ಕಣ್ಣು ಮಾತ್ರ ಅದಕ್ಕೂ ಆಚೆ ಇದೆ. ಎಂ.ಎಸ್., ವೀಸಾ, ಪ್ಯಾಕೇಜ್ ಇವೇ ನಮ್ಮ ಮಾತು. ಹೋದವರಲ್ಲಿ ಹಲವರು ಅಲ್ಲೇ ಸಂಸಾರ ಹೂಡುತ್ತಾರೆ, ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವವೂ ಸಿಗುತ್ತದೆ. ಸಂಬಂಧ ಮುರಿದರೆ ಆ ಮಗು ಎಲ್ಲಿರಬೇಕು ಎಂಬುದನ್ನು ಮಾತ್ರ ಯಾವ ಕೋಚಿಂಗ್ ಕ್ಲಾಸೂ ಹೇಳಿಕೊಡುವುದಿಲ್ಲ.

ಅಪಹರಣ ಎಂದರೆ ಮುಸುಕುಧಾರಿಗಳು ಕಾರಿನಲ್ಲಿ ಎತ್ತಿಕೊಂಡು ಹೋಗುವುದು ಎಂದುಕೊಂಡಿದ್ದೇವೆ. ಇಲ್ಲಿ ಕರೆದೊಯ್ಯುವವರು ಹೆತ್ತವರೇ. ಎಷ್ಟೋ ಸಲ ಅದು ‘ರಜೆಗೆ ಊರಿಗೆ ಹೋಗಿ ಬರ್ತೀವಿ’ ಎಂಬ ಮಾತಿನಿಂದ ಶುರುವಾಗುತ್ತದೆ. ಹಿಂದಿರುಗುವ ಟಿಕೆಟ್ ಹಾಗೇ ಉಳಿಯುತ್ತದೆ.

ನಮ್ಮ ರಾಜ್ಯದಲ್ಲೂ ಇಂಥ ಪ್ರಕರಣಗಳು ನಡೆದಿವೆ. ಅಮೆರಿಕದ ನ್ಯೂಜೆರ್ಸಿಯಿಂದ ತಾಯಿಯೊಂದಿಗೆ ಬೆಂಗಳೂರಿಗೆ ಬಂದ ಪುಟ್ಟ ಮಗುವಿಗಾಗಿ ತಂದೆ ಕರ್ನಾಟಕ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮಗುವನ್ನು ವಾಪಸ್ ಕರೆದೊಯ್ಯಲು ಹೈಕೋರ್ಟ್ ಒಪ್ಪಿದರೂ ಕೋವಿಡ್ ಕಾರಣಕ್ಕೆ ಷರತ್ತು ಹಾಕಿತು. ಕೊನೆಗೆ 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ದೊಡ್ಡವರಿಗೆ ಇವು ವಾಯಿದೆಯ ದಿನಾಂಕಗಳು. ಮಗುವಿಗೆ ಅದು ಮಾತು ಕಲಿಯುವ, ಮುಖ ಗುರುತಿಸುವ ವಯಸ್ಸು.

ಇದಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದವಿದೆ. 1980ರ ಹೇಗ್ ಒಪ್ಪಂದದ ಪ್ರಕಾರ, 16 ವರ್ಷದೊಳಗಿನ ಮಗುವನ್ನು ತಪ್ಪಾಗಿ ಬೇರೆ ದೇಶಕ್ಕೆ ಒಯ್ದರೆ ಅದನ್ನು ಮೊದಲು ವಾಸವಿದ್ದ ದೇಶಕ್ಕೆ ಬೇಗ ಮರಳಿಸಬೇಕು. ಪಾಲನೆಯ ಹಕ್ಕು ಯಾರಿಗೆ ಎಂಬುದನ್ನು ಅಲ್ಲಿನ ನ್ಯಾಯಾಲಯ ತೀರ್ಮಾನಿಸುತ್ತದೆ. ಅಮೆರಿಕ, ಬ್ರಿಟನ್ ಸೇರಿ 100ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲೇ ಹೇಳಿತ್ತು. 2016ರಲ್ಲಿ ಮಸೂದೆಯ ಕರಡೂ ಬಂತು, ಕಾಯ್ದೆಯಾಗಲಿಲ್ಲ. ಹಾಗಾಗಿ ನಮ್ಮ ನ್ಯಾಯಾಲಯಗಳು ಒಂದೊಂದು ಪ್ರಕರಣವನ್ನೂ ಬೇರೆಯಾಗಿಯೇ ನೋಡುತ್ತವೆ. ವಿದೇಶಿ ಕೋರ್ಟಿನ ಆದೇಶ ಗಮನಿಸಬೇಕಾದ ಒಂದು ಅಂಶವಷ್ಟೇ, ಮಗುವಿನ ಹಿತವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಫಲಿತಾಂಶ ಏನಾಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ.

ಸರ್ಕಾರ ಹಿಂಜರಿಯಲು ಕಾರಣವಿದೆ. ಮಗುವನ್ನು ಎತ್ತಿಕೊಂಡು ಬರುವವರಲ್ಲಿ ಹೊಡೆತ ತಾಳಲಾರದೆ ತವರಿಗೆ ಓಡಿ ಬಂದ ತಾಯಂದಿರೂ ಇದ್ದಾರೆ. ಅಮೆರಿಕದಲ್ಲಿ ಗಂಡನ ಕೆಲಸದ ವೀಸಾ ನಂಬಿಕೊಂಡು ಎಚ್-4 ವೀಸಾದಲ್ಲಿರುವ ಹೆಂಡತಿಗೆ ವಿಚ್ಛೇದನವಾದರೆ ಆ ವೀಸಾ ಆಧಾರವೇ ಹೋಗುತ್ತದೆ. ಅವಳನ್ನು ‘ಅಪಹರಣಕಾರ್ತಿ’ ಎಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಹಾಗೆಂದು ತಪ್ಪೇ ಮಾಡದ ತಂದೆಯೊಬ್ಬ ಮಗುವಿನ ದನಿಗಾಗಿ ವರ್ಷಗಟ್ಟಲೆ ಕಾಯುವುದೂ ನ್ಯಾಯವಲ್ಲ.

ಶಾರ್ಟ್ ಸರ್ಕ್ಯೂಟ್ ಆದ ಮೇಲೆ ಫ್ಯೂಸ್ ಹಾಕಿ ಪ್ರಯೋಜನವಿಲ್ಲ ಎಂಬುದು ನಮ್ಮ ಲ್ಯಾಬಿನ ಪಾಠ. ಇಲ್ಲೂ ಕೆಲಸ ನಡೆಯಬೇಕಾದ್ದು ವಿಮಾನ ಏರುವ ಮುನ್ನ. ಹೊರಹೋಗುವವರ ಪಾಸ್‌ಪೋರ್ಟ್‌ಗೆ ನಮ್ಮಲ್ಲಿಯಂತೆ ಮೊಹರು ಒತ್ತುವ ಕೌಂಟರ್ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿಲ್ಲ. ಅಲ್ಲಿ ತಡೆಯುತ್ತಾರೆಂದು ಕಾಯುವಂತಿಲ್ಲ. ಆದರೆ 16ರೊಳಗಿನ ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್ ಪಡೆಯಲು ಸಾಮಾನ್ಯವಾಗಿ ಇಬ್ಬರೂ ಒಪ್ಪಬೇಕು. ಯಾರಾದರೂ ಅರ್ಜಿ ಹಾಕಿದರೆ ಇನ್ನೊಬ್ಬರಿಗೆ ತಿಳಿಸುವ ವ್ಯವಸ್ಥೆಯೂ ಇದೆ, ಮೊದಲೇ ಹೆಸರು ನೋಂದಾಯಿಸಬೇಕು. ನಮ್ಮಲ್ಲೂ ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಇಬ್ಬರ ಒಪ್ಪಿಗೆ ಬೇಕು.

ಬಿರುಕು ಕಂಡ ದಿನವೇ ಪ್ರಯಾಣ, ಮರಳುವ ದಿನಾಂಕ, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು ಎಂಬುದನ್ನು ಬರವಣಿಗೆಗೆ ಇಳಿಸಿ, ಕೋರ್ಟಿನ ಆದೇಶವಾಗಿಸಿಕೊಳ್ಳಬಹುದು. ಹಿಂಸೆ ಅನುಭವಿಸುವವರು ಅಲ್ಲಿನ ನ್ಯಾಯಾಲಯದಲ್ಲೇ ರಕ್ಷಣೆಯನ್ನೂ, ಮಗುವಿನೊಂದಿಗೆ ಊರಿಗೆ ಬರಲು ಅನುಮತಿಯನ್ನೂ ಕೇಳಬಹುದು. ಗುಟ್ಟಾಗಿ ಬರುವುದಕ್ಕಿಂತ ಆ ಕಾಗದ ಮುಂದೆ ಹೆಚ್ಚು ಕಾಯುತ್ತದೆ.

ಪಾಲನೆ ಸಿಗದವರಿಗೂ ಮಗುವಿನೊಂದಿಗೆ ದಿನಕ್ಕೆ ಐದು, ಹತ್ತು ನಿಮಿಷ ಮಾತನಾಡುವ ಹಕ್ಕಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ವಿಡಿಯೊ ಕಾಲ್‌ನ ಆ ಹತ್ತು ನಿಮಿಷವನ್ನು ಕೋರ್ಟು ಹೇಳುವ ತನಕ ಕಾಯದೇ ಕೊಡಲು ಸಾಧ್ಯವಿಲ್ಲವೇ?

ವಿದೇಶದ ಕನಸು ಕಾಣುವ ಗೆಳೆಯ ಗೆಳತಿಯರೇ, ಗಂಡ ಹೆಂಡತಿ ಬೇರೆಯಾಗಬಹುದು, ಅಪ್ಪ ಅಮ್ಮ ಆಗುವುದನ್ನು ನಿಲ್ಲಿಸಲಾಗದು. ಮಗು ಲಗೇಜ್ ಅಲ್ಲ, ಗೆದ್ದವರು ಹೊತ್ತೊಯ್ಯಲು.

– ಬಿ.ಇ. ವಿದ್ಯಾರ್ಥಿ, ಕುಳಗೇರಿ ಕ್ರಾಸ್