ನಿಮಗಿದು ಗೊತ್ತೆ? ಸರದಿ ಉಂಟು, ಸಾಲಿಲ್ಲ

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ರೈಡ್‌ಗಿಂತ ಅದರ ಮುಂದಿನ ಕ್ಯೂ ದೊಡ್ಡ ಪರೀಕ್ಷೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಇಂಥವರಿಗೆಂದೇ, ಸಾಲಿನಲ್ಲಿ ನಿಲ್ಲದೆ ಸರದಿ ಪಡೆಯುವ ‘ಡಾಸ್’ ಎಂಬ ಸೌಲಭ್ಯವಿದೆ. ಹಾಗಂತ ಕಾಯುವುದು ತಪ್ಪುವುದಿಲ್ಲ: ಸಾಲು 40 ನಿಮಿಷದ್ದಾದರೆ ಹೆಚ್ಚುಕಡಿಮೆ ಅಷ್ಟು ಹೊತ್ತು ನೆರಳಲ್ಲಿ ಕೂತು ಐಸ್‌ಕ್ರೀಮ್ ತಿಂದು ಬರಬಹುದು. ಹಿಂದೆ ಅಂಗವಿಕಲರಿಗೆ ಕೊಡುತ್ತಿದ್ದ ಕಾರ್ಡ್ ದುರುಪಯೋಗವಾಗಿ 2013ರಲ್ಲಿ ಈ ಪದ್ಧತಿ ಬಂತು. ಸಾಲು ತಪ್ಪಿಸಲು ಸಿರಿವಂತರು ಅಂಗವಿಕಲರನ್ನೇ ಬಾಡಿಗೆಗೆ ಕರೆದೊಯ್ದರೆಂದು ಆಗ ವರದಿಯಾಗಿತ್ತು, ನೋಡಿ!

ಪೆನ್ಸಿಲ್ವೇನಿಯಾದ ಸೆಸಮಿ ಪ್ಲೇಸ್, 2018ರಲ್ಲಿ ಆಟಿಸಂ ಕೇಂದ್ರವೆಂದು ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಥೀಮ್ ಪಾರ್ಕ್. ಅಲ್ಲಿ ಪ್ರತಿ ಆಟಕ್ಕೂ ಸದ್ದು, ನೋಟ, ಸ್ಪರ್ಶ, ವಾಸನೆ, ರುಚಿಗೆ 1ರಿಂದ 10ರವರೆಗೆ ಅಂಕ. ಹೊರಡುವ ಮುನ್ನವೇ ಪಟ್ಟಿ ನೋಡಿ, ಸದ್ದಿಗೆ ಹೆಚ್ಚು ಅಂಕ ಬಿದ್ದ ಆಟವನ್ನು ಕೈಬಿಡಬಹುದು.